ಬ್ಯಾಡಗಿ ಮೆಣಸಿನಕಾಯಿ: ಯಾವ ದರ ನಂಬೋದು?

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಟೆಂಡರ್ ಮುಗಿದ ಸಂಜೆ ಒಂದೇ ಮಾಲಿಗೆ ನಾಲ್ಕು ದರ ಓಡಾಡುತ್ತವೆ: ದಲಾಲಿ ಅಂಗಡಿಯದು, ವಾಟ್ಸ್ಆ್ಯಪ್‌ನದು, ಟಿವಿಯದು, ಎಪಿಎಂಸಿಯದು (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ). ನಾಲ್ಕೂ ಸುಳ್ಳಲ್ಲ, ತೊಡಕು ಇರುವುದೇ ಅಲ್ಲಿ.

ಹಳೆಯ ಪೇಟೆಗಳಲ್ಲಿ ಬಟ್ಟೆಯಡಿ ಬೆರಳು ಹಿಡಿದು ದರ ಕುದುರುತ್ತಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು, ಪೇಟೆ ಧಾರಣೆ ರೇಡಿಯೊದಲ್ಲಿ ಬಂತೆಂದರೆ ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ. 1966ರ ಕೃಷಿ ಮಾರುಕಟ್ಟೆ ಕಾಯ್ದೆ ವ್ಯಾಪಾರವನ್ನು ಎಪಿಎಂಸಿ ಪ್ರಾಂಗಣಕ್ಕೆ ತಂದಿತು.

ನಿಜವಾದ ಬದಲಾವಣೆ ಇ-ಟೆಂಡರ್‌ನದು. 2014ರಿಂದ ರಾಜ್ಯದ ಎಪಿಎಂಸಿಗಳು ಒಂದೊಂದಾಗಿ ಆನ್‌ಲೈನ್ ವ್ಯವಸ್ಥೆಗೆ ಸೇರಿದವು. ಮಾಲು ಒಳಬಂದಾಗಲೇ ಒಂದೊಂದು ರಾಶಿಗೂ ಲಾಟ್ ನಂಬರ್ ಬೀಳುತ್ತದೆ. ವರ್ತಕರು ಚೀಲ ಬಿಚ್ಚಿ ಕೈಯಾಡಿಸಿ, ರಂಗು, ಹಸಿ (ತೇವಾಂಶ), ಬಿಳಿಗಾಯಿ (ಬಣ್ಣಗೆಟ್ಟ ಕಾಯಿ) ನೋಡಿ ತಮ್ಮ ದರ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಹಾಕಿದವರದು ಗೆಲ್ಲುತ್ತದೆ. ರೈತ ಒಲ್ಲೆ ಎಂದರೆ ಕೊಡಬೇಕಿಲ್ಲ. ಹೀಗೆ ಪ್ರತಿ ದರಕ್ಕೂ ಹಿಂದೊಂದು ಲಾಟ್ ಇರುತ್ತದೆ, ಬೇಕಾದವರು ತಾಳೆ ನೋಡಬಹುದು. ಮೊಬೈಲಿನಲ್ಲಿ ಹಾರಿಬರುವ ದರಕ್ಕೆ ಅದಿಲ್ಲ.

ಅಲ್ಲಿ ಹಾರುವುದು ಹೆಚ್ಚಾಗಿ ಗರಿಷ್ಠ ದರ. ಮೂರು ಚೀಲ ಒಳ್ಳೆ ಡಬ್ಬಿ (ದಪ್ಪ ಕಾಯಿಯ ತಳಿ) ಕ್ವಿಂಟಾಲಿಗೆ 45 ಸಾವಿರ ರೂಪಾಯಿಗೆ ಹೋಯಿತು, 400 ಚೀಲ ಕಡ್ಡಿ (ಸಣಕಲು ಉದ್ದ ಕಾಯಿಯದು) 20 ಸಾವಿರದ ಆಸುಪಾಸು ಹೋಯಿತು ಅಂದುಕೊಳ್ಳಿ. ಸುದ್ದಿಯಾಗುವುದು 45. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠದ ಜೊತೆ ‘ಮಾದರಿ’ ದರವೂ ಇರುತ್ತದೆ, ಅಂದರೆ ಹೆಚ್ಚು ಮಾಲು ಹೋದ ದರ. ನೋಡಬೇಕಾದ್ದು ಅದನ್ನು, ಪಕ್ಕದ ಆವಕವನ್ನು, ಅಂದರೆ ಅಂದು ಪೇಟೆಗೆ ಬಂದ ಮಾಲಿನ ಲೆಕ್ಕವನ್ನು. ಡಬ್ಬಿ, ಕಡ್ಡಿ, ಗುಂಟೂರು ಮೂರು ತಳಿಗಳನ್ನೂ ಕೂಡಿಸಿ ‘ಬ್ಯಾಡಗಿ ದರ’ ಎಂದವರ ಮಾತು ಅಲ್ಲಿಗೇ ಬಿಡಿ.

ಹಸಿಯ ಲೆಕ್ಕವೂ ಇದೆ. ಶೇ. 20 ತೇವಾಂಶದ ಒಂದು ಕ್ವಿಂಟಾಲ್ ಕಾಯಿ ಶೇ. 10ಕ್ಕೆ ಒಣಗಿದರೆ ಉಳಿಯುವುದು ಸುಮಾರು 89 ಕಿಲೊ. ಬಾಕಿ 11 ಕಿಲೊ ನೀರಿಗೂ ವರ್ತಕ ದುಡ್ಡು ಕೊಡಲಾರ. ಪಕ್ಕದ ಹೊಲದವನಿಗಿಂತ ಕಡಿಮೆ ಸಿಕ್ಕಿತು ಎಂಬ ಬೇಸರಕ್ಕೆ ಎಷ್ಟೋ ಸಲ ಇದೇ ಕಾರಣ, ಆದರೆ ಪಟ್ಟಿಯಲ್ಲಿ ಹಸಿಗೆ ಕಾಲಂ ಇಲ್ಲ.

2024ರ ಮಾರ್ಚ್ 11ರಂದು ದರ ದಿಢೀರನೆ ಬಿತ್ತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟವು. ದರ ಬಿದ್ದದ್ದು ಯಾಕೆ ಎಂದು ಅದೇ ಹೊತ್ತಿಗೆ, ಅಲ್ಲೇ, ಆವಕದ ಲೆಕ್ಕ ಮುಂದಿಟ್ಟು ಹೇಳುವ ಏರ್ಪಾಡು ಇದ್ದಿದ್ದರೆ ಅರ್ಧ ಸಿಟ್ಟಾದರೂ ಇಳಿಯುತ್ತಿತ್ತು. ಯಾರಾದರೂ ದರ ಕಳಿಸಿದರೆ ತಳಿ, ತಾರೀಖು, ಚೀಲ ಎಷ್ಟು, ಲಾಟ್ ನಂಬರ್ ಏನು ಎಂದು ಕೇಳಿ. ಬರೀ ಫೋಟೊ ಬಂದರೆ ಮೊದಲು ತಾರೀಖು ನೋಡಿ. ಹೋದ ವರ್ಷದ ಪಟ್ಟಿ ಈ ವರ್ಷವೂ ಓಡಾಡುತ್ತದೆ.