ಒಂದೇ ರೂಮಲ್ಲಿ ಸ್ಟೀರಿಯೋ, ಸರೌಂಡ್ ಎರಡನ್ನೂ ಮಿಕ್ಸ್ ಮಾಡಬಹುದಾ?

ಎದುರಿಗೆ ಎರಡೇ ಸ್ಪೀಕರ್ ಇರುವ ಸ್ಟೀರಿಯೋ, ಸುತ್ತಲೂ ಸ್ಪೀಕರ್ ಇರುವ ಸರೌಂಡ್, ಎರಡರ ಮಿಕ್ಸಿಂಗನ್ನೂ (ಹಾಡಿನ, ಸಿನಿಮಾದ ಸದ್ದುಗಳನ್ನು ಹದವಾಗಿ ಬೆರೆಸುವುದು) ಒಂದೇ ರೂಮಲ್ಲಿ ಮಾಡಬಹುದು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಅದಕ್ಕೇ ಈ ಸಲ ಬರೆದಿಡುತ್ತಿದ್ದೇನೆ.

5.1ಕ್ಕೆ, ಅಂದರೆ ಐದು ಸ್ಪೀಕರ್ ಜೊತೆ ಬೇಸ್‌ಗೆಂದೇ ಒಂದು ಸಬ್‌ವೂಫರ್ ಇರುವ ಸರೌಂಡಿಗೆ, ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೇಳಿರುವ ಜೋಡಣೆ ನೋಡಿ. ಎದುರಿನ ಎಡ, ಬಲ ಸ್ಪೀಕರ್‌ಗಳು, ನಿಮ್ಮ ಕುರ್ಚಿಯಿಂದ ನೇರ ಎದುರಿಗೆ ಎಳೆದ ನಡುಗೆರೆಯಿಂದ 30 ಡಿಗ್ರಿ ಆಚೀಚೆ. ಸ್ಟೀರಿಯೋಗೂ ಅದೇ ಜಾಗ! ಅದರ ಜೊತೆ ಮಧ್ಯಕ್ಕೊಂದು, ಪಕ್ಕದಿಂದ ತುಸು ಹಿಂದಕ್ಕೆ 100ರಿಂದ 120 ಡಿಗ್ರಿಯಲ್ಲಿ ಎರಡು, ಒಂದು ಸಬ್‌ವೂಫರ್. ಆ ಐದೂ ಸ್ಪೀಕರ್ ಕಿವಿಯಿಂದ ಒಂದೇ ದೂರದಲ್ಲಿರಲಿ. ಜಾಗ ಸಾಲದೆ ಒಂದು ಹತ್ತಿರ ಬಂತಾ? ಅದರ ಸದ್ದು ತಡವಾಗಿ ಬರುವ ಹಾಗೆ, ಹತ್ತಿರ ಬಂದ ಪ್ರತಿ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ಡಿಲೇ ಹಾಕಿ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: "ಸರ್, ಸ್ಪೀಕರ್ ಸುತ್ತಲೂ ಇದೆಯಲ್ಲ, ಸದ್ದು ಹೀರೋ ಫೋಮ್ ಕೂಡ ಸುತ್ತಲೂ ಅಂಟಿಸಬೇಕಲ್ವಾ?"

ಬೇಡ. ಫೋಮಿನ ಬದಲು ಅಂಟಿಸುವ ಮೊಟ್ಟೆ ಟ್ರೇ ಅಂತೂ ಬೇಡವೇ ಬೇಡ, ಅದು ಅಂಗಡಿಯಲ್ಲೇ ಇರಲಿ.

ಸೆಕೆಂಡಿಗೆ 100 ಸಲ ಕಂಪಿಸುವ 100 ಹರ್ಟ್ಸ್ ಬೇಸ್ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್, ಅಂದರೆ 11 ಅಡಿ ಉದ್ದ. ಅದನ್ನು ಚೆನ್ನಾಗಿ ಹೀರಬೇಕಾದರೆ ಗೋಡೆಯಿಂದ ಅದರ ಕಾಲು ಭಾಗದಷ್ಟು, ಹೆಚ್ಚುಕಡಿಮೆ 85 ಸೆಂಟಿಮೀಟರ್ ಆಳ ಬೇಕು. ಎರಡಿಂಚಿನ ಫೋಮು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದು ತಿನ್ನುವುದು ತಾಳದ ಝಣ, ಹಾಡುವವರ 'ಸ'ಕಾರ, ಅಷ್ಟನ್ನೇ. ಡೊಳ್ಳಿನ ಧಿಮ್ ಗೋಡೆಯಿಂದ ಗೋಡೆಗೆ ಓಡಾಡಿಕೊಂಡು ಆರಾಮಾಗಿರುತ್ತದೆ.

ಫೋಮ್ ಅಂಟಿಸಿದವರು ಚಪ್ಪಾಳೆ ತಟ್ಟಿ ತೋರಿಸುತ್ತಾರೆ, "ನೋಡಿ ಸರ್, ಪ್ರತಿಧ್ವನಿನೇ ಇಲ್ಲ." ಚಪ್ಪಾಳೆಯಲ್ಲಿ ಬೇಸ್ ಎಲ್ಲಿದೆ ಮಾರಾಯ್ರೆ? ಆ ರೂಮಲ್ಲಿ ಎಲ್ಲವೂ ಮಂಕಾಗಿ ಕೇಳುತ್ತದೆ. ನೀವು ಟ್ರೆಬಲ್ (ತಾಳದ ಝಣದಂಥ ಮೇಲಿನ ಸದ್ದು) ಏರಿಸುತ್ತೀರಿ, ಗುಂಯ್ ಅನ್ನುತ್ತದೆ ಅಂತ ಬೇಸ್ ಇಳಿಸುತ್ತೀರಿ. ಕಾರಲ್ಲಿ ಹಾಕಿದರೆ ಹಾಡು ತಗಡು ಬಡಿದ ಹಾಗಿರುತ್ತದೆ. ಆಮೇಲೆ ಬೈಯುವುದು ಸ್ಪೀಕರ್‌ಗೆ.

ಅದೇ ದುಡ್ಡಲ್ಲಿ ಮೂಲೆಗಳಿಗೆ ದಪ್ಪನಾಗಿ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆಯಂಥ ನಾರು) ತುಂಬಿ, ಬಟ್ಟೆ ಹೊದಿಸಿ. ಉಳಿದ ಗೋಡೆಗಳಲ್ಲಿ ಸದ್ದು ಹೀರುವ ಒಂದಷ್ಟು ದಪ್ಪ ಪ್ಯಾನೆಲ್, ನಡುನಡುವೆ ಬರಿ ಗೋಡೆ ಅಥವಾ ಪುಸ್ತಕದ ಕಪಾಟು. ಹಳೆಯ ಸ್ಟೀರಿಯೋ ರೂಮುಗಳಲ್ಲಿ ಮುಂದೆಲ್ಲ ಹೀರುವ ಗೋಡೆ, ಹಿಂದೆಲ್ಲ ಚೆದುರಿಸುವ ಗೋಡೆ ಮಾಡುತ್ತಿದ್ದರು. ಸರೌಂಡಿನಲ್ಲಿ ಹಿಂದಿನ ಸ್ಪೀಕರಿಗೆ ನಿಮ್ಮ ಮುಂದಿನ ಗೋಡೆಯೇ ಎದುರುಗೋಡೆ. ಹಾಗಾಗಿ ಎಲ್ಲ ಕಡೆ ಒಂದೇ ಥರ ಹಂಚಿ. ಎಡಬಲ ಅಂತೂ ಕನ್ನಡಿಯಲ್ಲಿ ನೋಡಿದ ಹಾಗೆ ಒಂದೇ ಇರಬೇಕು.

ಸ್ಟೀರಿಯೋಗೂ ಸರೌಂಡಿಗೂ ನಿಜವಾದ ಜಗಳ ಇರುವುದು ಕುರ್ಚಿಯ ಜಾಗದಲ್ಲಿ. ಸರೌಂಡ್ ಅಂದ ಕೂಡಲೇ ಕೈ ತಾನಾಗಿ ಕುರ್ಚಿಯನ್ನು ರೂಮಿನ ನಟ್ಟನಡುವೆ ಎಳೆಯುತ್ತದೆ. ರೂಮು 14 ಅಡಿ ಉದ್ದ ಅಂದುಕೊಳ್ಳಿ. ಆ ಉದ್ದಕ್ಕೆ ಹುಟ್ಟುವ 40 ಹರ್ಟ್ಸ್ ಅಲೆ ಸರಿಯಾಗಿ ನಡುವೆಯೇ ಸೊರಗುತ್ತದೆ. ನೀವು ಬೇಸ್ ಇಲ್ಲ ಅಂತ ಏರಿಸುತ್ತಾ ಹೋಗುತ್ತೀರಿ. ಸ್ಟೀರಿಯೋ ಮಾಡುವವರು ಕೂರುವ ಹಾಗೆ ನಡುವಿಗಿಂತ ಸ್ವಲ್ಪ ಮುಂದಕ್ಕೇ ಕೂತು, ಹಿಂದಿನ ಸ್ಪೀಕರ್‌ಗಳನ್ನೂ ಮುಂದಕ್ಕೆ ತನ್ನಿ. 12ಕ್ಕೆ 12ರ ಚೌಕ ರೂಮು ಮಾತ್ರ ಬೇಡ. ಉದ್ದ, ಅಗಲ ಎರಡೂ 47 ಹರ್ಟ್ಸ್ ಹತ್ತಿರವೇ ಗುಂಯ್‌ಗುಟ್ಟುತ್ತವೆ. ವಾಸ್ತುವಿನವರು ಚೌಕ ಒಳ್ಳೇದು ಅಂದರೆ ಆ ರೂಮನ್ನು ಮಲಗೋದಕ್ಕೆ ಇಟ್ಟುಕೊಳ್ಳಿ.

ಹಾಂ, ಹಿಂಗೋಡೆಗೆ ಒಂದು ಸೋಫಾ ಹಾಕೇ ಹಾಕುತ್ತೀರಿ, ಗೊತ್ತು. ನಿರ್ಮಾಪಕರು ಅಲ್ಲೇ ಕೂರುವುದು. ಸ್ಟೀರಿಯೋದಲ್ಲಿ ಗೋಡೆಗೆ ಅಂಟಿ ಕೂತವರಿಗೆ ಬೇಸ್ ಜಾಸ್ತಿ ಕೇಳುತ್ತದೆ, ಅಷ್ಟೇ. ಸರೌಂಡಿನಲ್ಲಿ ಹಿಂದಿನ ಸ್ಪೀಕರ್ ಅವರ ಕಿವಿಯ ಪಕ್ಕದಲ್ಲೇ ಇರುತ್ತದೆ. "ಮಳೆ ಸದ್ದು ಕಮ್ಮಿ ಮಾಡ್ರೀ" ಅಂತಾರೆ. ಸದ್ದು ಏರಿಸಿ ಇಳಿಸುವ ಫೇಡರ್ ಮುಟ್ಟಬೇಡಿ. ಎದ್ದು ನಿಂತು, ನಿಮ್ಮ ಕುರ್ಚಿ ಬಿಟ್ಟುಕೊಟ್ಟು, ಅದೇ ಸೀನ್ ಇನ್ನೊಮ್ಮೆ ಹಾಕಿ.