ದಿನವಿಡೀ ಕೆಲಸ, ದಿನಕ್ಕೊಂದು ಗಂಟೆ: ವೆಬ್ ಪ್ರೋಗ್ರಾಮಿಂಗ್ ಕಲಿಯಲು ಸಾಕೇ?

ಪ್ರಶ್ನೆ: ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ವಾಪಸಾಗುವುದು ರಾತ್ರಿ ಎಂಟೂವರೆಗೆ. ಓದಿದ್ದು ಬಿ.ಕಾಂ. ವೆಬ್ ಪ್ರೋಗ್ರಾಮಿಂಗ್ ಕಲಿಯಲು ಎರಡು ಸಲ ಶುರುಮಾಡಿ ಬಿಟ್ಟೆ. ದಿನಕ್ಕೊಂದು ಗಂಟೆಯಲ್ಲಿ ಆಗುವ ಕೆಲಸವೇ ಇದು? ಇಲ್ಲ, ನೌಕರಿ ಬಿಟ್ಟೇ ಕೂರಬೇಕೇ?

ಉತ್ತರ: ನೌಕರಿ ಬಿಡಬೇಡಿ. ಒಂದು ಗಂಟೆ ಸಾಕು, ಆದರೆ ಆ ಗಂಟೆಯ ಬಹುಪಾಲು ನಿಮ್ಮ ಬೆರಳು ಕೀಬೋರ್ಡ್ ಮೇಲಿರಬೇಕು. ನಾನು ಕಂಡಂತೆ ಹೆಚ್ಚಿನವರು ಕೈಬಿಡುವುದು ವಿಡಿಯೊ ನೋಡಿ ನೋಡಿಯೇ. ನೋಡುವಾಗ ಎಲ್ಲ ತಿಳಿದ ಹಾಗಿರುತ್ತದೆ; ಮರುದಿನ ಖಾಲಿ ಫೈಲ್ ತೆರೆದರೆ ಒಂದು ಸಾಲೂ ಹೊಳೆಯುವುದಿಲ್ಲ. ಹತ್ತು ನಿಮಿಷ ನೋಡಿ, ಉಳಿದ ಐವತ್ತು ನಿಮಿಷ ಬರೆಯಿರಿ.

ಏನು ಬರೆಯುವುದು ಎಂದರೆ, ವಿಷಯ ನಿಮ್ಮ ಅಂಗಡಿಯಲ್ಲೇ ಇದೆ. ಬೆಲೆ ಹಾಕಲು ಒಂದು ಪೆಟ್ಟಿಗೆ, ಪಕ್ಕದಲ್ಲಿ ಬಟನ್, ಕೆಳಗೆ 18% ಜಿಎಸ್‌ಟಿ ಸೇರಿದ ಮೊತ್ತ. ಪೆಟ್ಟಿಗೆ ಮತ್ತು ಬಟನ್ ಎಚ್‌ಟಿಎಂಎಲ್‌ನದು, ಬಣ್ಣ-ಅಳತೆ ಸಿಎಸ್‌ಎಸ್‌ನದು, ಲೆಕ್ಕ ಜಾವಾಸ್ಕ್ರಿಪ್ಟ್‌ನದು. ಮೊದಲ ಆರು ತಿಂಗಳು ಈ ಮೂರನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬೇಡಿ. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಹೆಸರು ಕೇಳಿರಬಹುದು, ಅದು ಎಲ್ಲೂ ಓಡಿಹೋಗುವುದಿಲ್ಲ.

ನಾನೂ ನೌಕರಿ ಮಾಡಿಕೊಂಡೇ ಕಲಿತವನು; ಇಂಥದ್ದೇ ಪುಟ ಮಾಡಿದ್ದೆ. 500 ಹಾಕಿದರೆ ತೆರಿಗೆ 90 ಎಂದು ಸರಿಯಾಗಿಯೇ ಬಂತು. ಒಟ್ಟು ಮಾತ್ರ 590ರ ಬದಲು 50090! ಎರಡು ರಾತ್ರಿ ಅದರಲ್ಲೇ ಕಳೆದವು. ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರ್ ನಮಗೆ ಕೊಡುವುದು ಪಠ್ಯವಾಗಿ, ಸಂಖ್ಯೆಯಾಗಿ ಅಲ್ಲ. ಗುಣಿಸುವಾಗ ಜಾವಾಸ್ಕ್ರಿಪ್ಟ್ ತಾನೇ ಅದನ್ನು ಸಂಖ್ಯೆ ಮಾಡಿಕೊಳ್ಳುತ್ತದೆ, ಹಾಗಾಗಿ 90 ಸರಿ. ಆದರೆ ಪ್ಲಸ್ ಚಿಹ್ನೆಗೆ ಎರಡು ಕೆಲಸ: ಎರಡೂ ಕಡೆ ಸಂಖ್ಯೆಯಿದ್ದರೆ ಕೂಡಿಸುವುದು, ಒಂದು ಕಡೆ ಪಠ್ಯವಿದ್ದರೂ ಪಕ್ಕಪಕ್ಕ ಜೋಡಿಸುವುದು. 500ರ ಬಾಲಕ್ಕೆ 90 ಬಂದು ಅಂಟಿದ್ದು ಹೀಗೆ. ಬೆಲೆಯನ್ನು ಮೊದಲೇ, ಪಠ್ಯವನ್ನು ಸಂಖ್ಯೆ ಮಾಡಿಕೊಡುವ ನಂಬರ್ (Number) ಎಂಬ ಫಂಕ್ಷನ್‌ಗೆ ಕೊಟ್ಟರೆ ಮುಗಿಯಿತು. ಅಂದಿನಿಂದ ಪೆಟ್ಟಿಗೆಯಿಂದ ಬಂದ ಯಾವುದನ್ನೂ ಪರೀಕ್ಷಿಸದೆ ನಾನು ಲೆಕ್ಕಕ್ಕೆ ಸೇರಿಸಿಲ್ಲ.

ಪುಟವನ್ನು ಕನ್ನಡದಲ್ಲೇ ಮಾಡಿ, ಅಕ್ಷರ ಎಣಿಸುವಾಗ ಮಾತ್ರ ಎಚ್ಚರ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ಜಾವಾಸ್ಕ್ರಿಪ್ಟ್ ಸಾಲನ್ನು ನೇರವಾಗಿ ಬರೆದು ನೋಡುವ ಜಾಗವಾದ ಕನ್ಸೋಲ್‌ನಲ್ಲಿ "ಕನ್ನಡ".length ಎಂದು ಬರೆದು, ಪದದ ಉದ್ದ ಎಷ್ಟೆಂದು ಕೇಳಿ ನೋಡಿ. ನಮ್ಮ ಕಣ್ಣಿಗೆ ಮೂರಕ್ಷರ, ಜಾವಾಸ್ಕ್ರಿಪ್ಟ್ 5 ಎನ್ನುತ್ತದೆ: ಒತ್ತಕ್ಷರದ ಎರಡು ನಕಾರ, ಅವುಗಳನ್ನು ಬೆಸೆಯುವ ಅರ್ಧಾಕ್ಷರದ ಗುರುತು (ನ್ ಎಂಬುದರಲ್ಲಿ ಕಾಣುವಂಥದ್ದು), ಮೂರನ್ನೂ ಅದು ಬೇರೆಬೇರೆ ಎಣಿಸುತ್ತದೆ.

ಸಮಯದ ಮಾತು. ಊಟ ಮುಗಿಸಿ ಕೂತರೆ ಕಣ್ಣು ಎಳೆಯುತ್ತದೆ. ಸಾಧ್ಯವಾದರೆ ಬೆಳಿಗ್ಗೆ ಆರರಿಂದ ಏಳು ಇಟ್ಟುಕೊಳ್ಳಿ. ಕೂತಲ್ಲಿಂದ ಏಳುವ ಮುಂಚೆ, ಎಲ್ಲಿಗೆ ನಿಂತಿದೆ, ನಾಳೆ ಮೊದಲು ಏನು ಎಂದು ಫೈಲಿನಲ್ಲೇ ಒಂದು ಸಾಲು ಕಾಮೆಂಟ್ (ಬ್ರೌಸರ್ ಗಮನಿಸದ, ನಮಗಾಗಿ ಬರೆಯುವ ಟಿಪ್ಪಣಿ) ಬರೆದಿಡಿ. ಇಲ್ಲದಿದ್ದರೆ ಮರುದಿನ ಕಾಲು ಗಂಟೆ ಹುಡುಕುವುದರಲ್ಲೇ ಹೋಗುತ್ತದೆ. ಮಾರ್ಚ್ ಕೊನೆಯ ಲೆಕ್ಕದ ವಾರ ಹತ್ತೇ ನಿಮಿಷ ಕೂತರೂ ಸರಿ, ಫೈಲ್ ತೆರೆಯದೆ ಮಾತ್ರ ಇರಬೇಡಿ.

ವಾರಕ್ಕೆ ಆರು ದಿನದಂತೆ ವರ್ಷಕ್ಕೆ ಸುಮಾರು 300 ಗಂಟೆ. ಇಷ್ಟರಲ್ಲಿ ಉಪಯೋಗಕ್ಕೆ ಬರುವ ಸಣ್ಣ ಪುಟಗಳು ಕೈಗೆ ಹತ್ತುತ್ತವೆ. ಅದರಿಂದಲೇ ಸಂಬಳ ತರಬೇಕೆಂದರೆ ಎರಡನೇ ವರ್ಷವೂ ಬೇಕಾದೀತು. ಕೆಲಸ ಗ್ಯಾರಂಟಿ ಎನ್ನುವ ಕೋರ್ಸಿಗೆ ದಯವಿಟ್ಟು ಸಾಲ ಮಾಡಬೇಡಿ. ಫ್ರೀಕೋಡ್‌ಕ್ಯಾಂಪ್, ಮೊಜಿಲ್ಲಾದ ಎಂಡಿಎನ್ ಎಂಬ ಕಲಿಕೆಯ ತಾಣಗಳು ಎರಡೂ ಉಚಿತ. ಇಂಗ್ಲಿಷಿನ ಸಾಲು ಗಟ್ಟಿಯೆನಿಸಿದರೆ ಅರ್ಥವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗಿ.

ಪುಟ ಸಿದ್ಧವಾದ ದಿನ, ವೆಬ್ ಪುಟಗಳನ್ನು ಇಂಟರ್ನೆಟ್‌ನಲ್ಲಿ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ಗೆ ಏರಿಸಿ, ದುಡ್ಡು ಕೊಡಬೇಕಿಲ್ಲ. ಲಿಂಕನ್ನು ಅಂಗಡಿಯವರ ಫೋನಿಗೆ ಕಳಿಸಿ, ಅವರ ಕೈಯಿಂದಲೇ ನಾಲ್ಕು ಬೆಲೆ ಹಾಕಿಸಿ. ಯಾರಾದರೊಬ್ಬರು 1,250 ಎಂದು ಅಲ್ಪವಿರಾಮ ಹಾಕಿ ಟೈಪ್ ಮಾಡಿಯೇ ಮಾಡುತ್ತಾರೆ, ನಂಬರ್ ಫಂಕ್ಷನ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಮುಂದಿನ ವಾರ ಅಲ್ಲಿಂದ ಶುರು.