ಕೊಲ್ಯಾಟರಲ್: ತೋಟ ಇದ್ದವರ ಮನೆಯಲ್ಲೂ ಸಿಗದ ವಸ್ತು

"ಎಷ್ಟು ಎಕರೆ ಅಂತ ಆಮೇಲೆ ನೋಡೋಣ ಸಾರ್. ಪಹಣಿ ಯಾರ ಹೆಸರಲ್ಲಿದೆ, ಮೊದಲು ಅದನ್ನು ಹೇಳಿ."

ವಿರಾಜಪೇಟೆಯ ಒಂದು ಬ್ಯಾಂಕಿನಲ್ಲಿ ಸಾಲದ ಆಫೀಸರ್ ನನ್ನ ತಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅವನ ಮಗಳಿಗೆ ವಿದೇಶದಲ್ಲಿ ಎಂಬಿಎ ಸೀಟು ಸಿಕ್ಕಿತ್ತು. ಗದ್ದೆ, ಬಾಣೆ, ಕಾಫಿ, ಕರಿಮೆಣಸು ಎಲ್ಲಾ ಇರುವ ಮನೆ. ಸಾಲ ಸಿಗೋದು ಏನು ಕಷ್ಟ ಅಂದುಕೊಂಡೇ ಹೋಗಿದ್ದೆವು. ತಮ್ಮ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟ. ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗಿತ್ತು. ಅದರಲ್ಲಿದ್ದದ್ದು ನಮ್ಮ ಮುತ್ತಜ್ಜನ ಹೆಸರು. ಅವರ ಮುಖವನ್ನು ನಾವಿಬ್ಬರೂ ಫೋಟೋದಲ್ಲಿ ಮಾತ್ರ ನೋಡಿದ್ದೇವೆ.

ಆ ದಿನ ಆಫೀಸರ್ ಬಾಯಲ್ಲಿ ಮತ್ತೆ ಮತ್ತೆ ಬಂದ ಪದ ಕೊಲ್ಯಾಟರಲ್.

ಮೂಲ ಲ್ಯಾಟಿನ್. ಪಕ್ಕ ಅನ್ನುವ ಅರ್ಥದ ಪದದಿಂದ ಹುಟ್ಟಿದ್ದು. ಸಾಲ ತೀರಿಸುತ್ತೇನೆ ಅನ್ನುವ ಮಾತಿನ ಪಕ್ಕದಲ್ಲಿ ನಿಲ್ಲುವ ಆಸ್ತಿ ಅಂತ ಇಟ್ಟುಕೊಳ್ಳಿ. ಕನ್ನಡದಲ್ಲಿ ಅಡಮಾನ, ಅಡವು ಅಂತೀವಿ. ಬ್ಯಾಂಕಿನವರು ಸುಮ್ನೆ ಸೆಕ್ಯೂರಿಟಿ ಅಂತಲೂ ಹೇಳುತ್ತಾರೆ. ಜಾಮೀನು ಬೇರೆ. ಜಾಮೀನು ಕೊಡೋದು ಮನುಷ್ಯ, ಅಡವು ಇಡೋದು ಆಸ್ತಿ.

ಓದಿನ ಸಾಲಕ್ಕೆ ಇದು ಯಾಕೆ ಬೇಕು? ಮನೆ ಸಾಲದಲ್ಲಿ ಕೊಂಡ ಮನೆಯೇ ಬ್ಯಾಂಕಿಗೆ ಆಧಾರ. ಕಾರಿನ ಸಾಲಕ್ಕೆ ಕಾರೇ ಆಧಾರ. ಡಿಗ್ರಿಯನ್ನು ಯಾರೂ ಜಪ್ತಿ ಮಾಡೋಕಾಗಲ್ಲ ಅಲ್ವಾ? ಅದಕ್ಕೇ ಬ್ಯಾಂಕು ಬೇರೊಂದು ಆಸ್ತಿ ಕೇಳುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ 4 ಲಕ್ಷದವರೆಗೆ ಅಡವೂ ಬೇಡ, ಹೊರಗಿನವರ ಜಾಮೀನೂ ಬೇಡ. 4ರಿಂದ 7.5 ಲಕ್ಷದವರೆಗೂ ಆಸ್ತಿಯ ಅಡವು ಬೇಡ. 7.5 ಲಕ್ಷ ದಾಟಿದರೆ ಕೊಲ್ಯಾಟರಲ್. ಅದರ ಮೇಲೆ ವಿದೇಶದ ಓದಾದರೆ ಖರ್ಚಿನ 15 ಪರ್ಸೆಂಟ್ ನಾವೇ ಹಾಕಬೇಕು, ಅದು ಮಾರ್ಜಿನ್. ಫ್ರಾನ್ಸಿನ ಇನ್ಸಿಯಾಡ್‌ನಲ್ಲಿ ಹತ್ತು ತಿಂಗಳ ಎಂಬಿಎಗೆ ಫೀಸೇ ಒಂದು ಲಕ್ಷ ಯೂರೋ ದಾಟುತ್ತದೆ, ಅಂದರೆ ಒಂದು ಕೋಟಿಯ ಆಸುಪಾಸು. ಇದಕ್ಕಿಂತ ಕಡಿಮೆ ಫೀಸಿನ ಕಾಲೇಜುಗಳಲ್ಲೂ ಏಳೂವರೆ ಲಕ್ಷ ಎಲ್ಲಿಗೂ ಸಾಲದು. ಕೇಂದ್ರ ಸರ್ಕಾರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡವಿಲ್ಲದೆ ಸಾಲ ಸಿಗುತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಅದು ಭಾರತದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ.

ಈಗ ನಮ್ಮ ಕೊಡಗಿನ ಕಷ್ಟಕ್ಕೆ ಬರೋಣ. ನಮ್ಮದು ಜಮ್ಮಾ ಜಾಗ. ಜಮ್ಮಾ ಅಂದರೆ ಜನ್ಮದಿಂದ ಬಂದದ್ದು. ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ಕೊಟ್ಟ ಜಾಗ. ಗದ್ದೆಗೆ ಹೊಂದಿಕೊಂಡ ಬಾಣೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸೋಕೆ ಇತ್ತು. ಆಮೇಲೆ ಅಲ್ಲೇ ಕಾಫಿ ಬಂತು. ಜಾಗ ಒಬ್ಬನದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ದಾಖಲೆಯಲ್ಲಿ ಮಾತ್ರ ಹಿರಿಯನಾದ ಪಟ್ಟೆದಾರನ ಹೆಸರು. ತಲೆಮಾರು ಕಳೆದರೂ ಎಷ್ಟೋ ಮನೆಗಳಲ್ಲಿ ಆ ಹೆಸರು ಬದಲಾಗಿಲ್ಲ. ನಾವು ದಿನಾ ಓಡಾಡುವ, ಕಾಫಿ ಕೊಯ್ಯುವ, ಕಂದಾಯ ಕಟ್ಟುವ ತೋಟ ಕಾಗದದ ಮೇಲೆ ನಮ್ಮದಲ್ಲ. ಇದು ಕೇಳಿದಾಗ ತಮ್ಮನ ಮುಖ ಚಿಕ್ಕದಾದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಸರಿಪಡಿಸೋಕೆ ದಾರಿ ಇದೆ, ಸಮಯ ಬೇಕು. ಪೌತಿ ಖಾತೆ ಆಗಬೇಕು, ಅಂದರೆ ತೀರಿಹೋದವರ ಹೆಸರಿನ ಜಾಗ ವಾರಸುದಾರರ ಹೆಸರಿಗೆ ಬರಬೇಕು. ವಿಭಾಗ ಪತ್ರ ನೋಂದಣಿ ಆಗಬೇಕು. ಪಾಲುದಾರರೆಲ್ಲ ಸಹಿ ಹಾಕಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಅದು ನ್ಯಾಯವೇ. ಹಾಗಾಗಿ ಮದುವೆಯಾಗಿ ಗೋಣಿಕೊಪ್ಪಕ್ಕೆ ಹೋದ ಅತ್ತೆಯ ಸಹಿಯೂ ಬೇಕು, ಬೆಂಗಳೂರಲ್ಲಿರುವ ದೊಡ್ಡಪ್ಪನ ಮಗನ ಸಹಿಯೂ ಬೇಕು. ಹುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಈ ಮಾತು ಎತ್ತುವುದು ಒಳ್ಳೆಯದು. ಸೀಟು ಸಿಕ್ಕಮೇಲೆ ಫೋನಿನಲ್ಲಿ ಬೇಡುವುದಕ್ಕಿಂತ ಅದು ಎಷ್ಟೋ ಮೇಲು.

ಪಹಣಿ ಸರಿ ಇದ್ದರೂ ಇನ್ನೊಂದು ತೊಡಕಿದೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ಮಾರುವ ಅಧಿಕಾರವನ್ನು 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಕೊಟ್ಟಿದೆ. ಕೃಷಿ ಭೂಮಿ ಆ ಕಾಯ್ದೆಯ ಹೊರಗಿದೆ. ಕಾಫಿ ತೋಟವನ್ನೂ ಹೊರಗಿಡಿ ಅನ್ನುವುದು ಬೆಳೆಗಾರರ ಬೇಡಿಕೆ, ಮತ್ತು ಅದು ಸರಿಯಾದ ಬೇಡಿಕೆ ಅಂತಲೇ ನನ್ನ ನಂಬಿಕೆ. ಆದರೆ ಬ್ಯಾಂಕಿನ ಕಡೆಯಿಂದ ನೋಡಿ: ಬೇಗ ಮಾರೋಕಾಗದ ಗದ್ದೆಗಿಂತ ಮೈಸೂರಿನ ಮೂವತ್ತು-ನಲವತ್ತು ಅಡಿಯ ಸೈಟೇ ಅವರಿಗೆ ಇಷ್ಟ. ಕೃಷಿಯಿಂದ ಕೃಷಿಯೇತರಕ್ಕೆ ಕನ್ವರ್ಷನ್ ಆಗದ ಜಾಗದಲ್ಲಿ ಕಟ್ಟಿದ ತೋಟದ ಮನೆ ಎಷ್ಟೇ ಚೆನ್ನಾಗಿರಲಿ, ಅವರ ಲೆಕ್ಕದಲ್ಲಿ ಕೃಷಿ ಭೂಮಿಯೇ.

ಭೂಮಿ ಬಿಟ್ಟರೆ ಎಫ್‌ಡಿ, ಎಲ್‌ಐಸಿ ಪಾಲಿಸಿ ನಡೆಯುತ್ತವೆ. ಪಾಲಿಸಿಯಲ್ಲಿ ನೋಡುವುದು ಸರೆಂಡರ್ ವ್ಯಾಲ್ಯೂ, ಅಂದರೆ ಪಾಲಿಸಿ ಈಗಲೇ ಬಿಟ್ಟರೆ ಸಿಗುವ ದುಡ್ಡು, ಬಾಂಡಿನಲ್ಲಿ ಬರೆದ ದೊಡ್ಡ ಮೊತ್ತವಲ್ಲ. ತೀರಾ ಹೆಸರಾದ ಕಾಲೇಜಾದರೆ ಕೆಲವು ಬ್ಯಾಂಕುಗಳು ತಮ್ಮ ಪಟ್ಟಿ ನೋಡಿ ಅಡವಿಲ್ಲದೆಯೂ ಕೊಡುತ್ತವೆ. ಖಾಸಗಿ ಫೈನಾನ್ಸ್ ಕಂಪನಿಗಳೂ ಕೊಡುತ್ತವೆ, ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ಪ್ರಾಡಿಜಿ ಫೈನಾನ್ಸ್, ಎಂಪವರ್‌ನಂಥ ವಿದೇಶಿ ಸಂಸ್ಥೆಗಳು ಅಡವು, ಜಾಮೀನು ಎರಡನ್ನೂ ಕೇಳುವುದಿಲ್ಲ. ಅಲ್ಲಿ ಸಾಲ ಡಾಲರಿನಲ್ಲಿ. ಮಗು ಊರಿಗೆ ವಾಪಸ್ ಬಂದು ರೂಪಾಯಿಯಲ್ಲಿ ದುಡಿದರೆ, ರೂಪಾಯಿ ಬಿದ್ದಷ್ಟೂ ಕಂತು ಭಾರವಾಗುತ್ತದೆ.

ಸಮಯದ ಮಾತು ಸುಮ್ನೆ ಹೇಳಲಿಲ್ಲ. ಅಮೆರಿಕಕ್ಕೆ ಹೋಗುವವರು ಮೊದಲ ವರ್ಷದ ದುಡ್ಡು ಇದೆ ಅಂತ ತೋರಿಸಿದ ಮೇಲೇ ಕಾಲೇಜು ವೀಸಾಕ್ಕೆ ಬೇಕಾದ ಐ-20 ಅನ್ನುವ ಪತ್ರ ಕಳಿಸುವುದು, ಅದಿಲ್ಲದೆ ವೀಸಾ ಇಲ್ಲ. ಬ್ಯಾಂಕಿನ ಮಂಜೂರಾತಿ ಪತ್ರ ಅದಕ್ಕೆ ಆಗುತ್ತದೆ. ಆ ಪತ್ರಕ್ಕೆ ಮೊದಲು ವಕೀಲರ ಅಭಿಪ್ರಾಯ, ವ್ಯಾಲ್ಯುಯೇಷನ್, ಋಣಭಾರ ಪತ್ರ ಎಲ್ಲಾ ಮುಗಿಯಬೇಕು. ಮಕ್ಕಳು ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ಗೆ ಓದಲು ಕೂತ ದಿನವೇ ಅಪ್ಪ ಅಮ್ಮ ಟ್ರಂಕ್ ತೆಗೆದು ಪಹಣಿ ನೋಡಬೇಕು.

ನಮ್ಮನ್ನು ಕಾಪಾಡಿದ್ದು ತಮ್ಮ ಹಿಂದೆಂದೋ ಮೈಸೂರಿನಲ್ಲಿ ಕೊಂಡಿದ್ದ ಸೈಟು. ಅದರ ಪೂರ್ತಿ ಬೆಲೆಯಷ್ಟು ಸಾಲ ಕೊಡಲಿಲ್ಲ, ಆದರೂ ಸಾಕಾಯಿತು. ಮೂಲ ಪತ್ರ ಬ್ಯಾಂಕಿನಲ್ಲಿಟ್ಟು ಬರುವಾಗ ಕೊಟ್ಟ ಕಾಗದಗಳ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಂಡೆವು. ನೀವೂ ಮರೆಯಬೇಡಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಆ ಪಟ್ಟಿ ಈಗ ಟ್ರಂಕಿನಲ್ಲಿ, ಮುತ್ತಜ್ಜನ ಹೆಸರಿನ ಪಹಣಿಯ ಜೊತೆಯಲ್ಲೇ ಇದೆ. ಪೌತಿ ಖಾತೆಗೆ ತಮ್ಮ ಅರ್ಜಿ ಹಾಕಿದ್ದಾನೆ.